1950ರ ಕ್ಲೀವ್‌ಲ್ಯಾಂಡ್ ಬ್ರೌನ್ಸ್: ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕನ್ ಫುಟ್‌ಬಾಲ್ ನೋಡಲು ಶುರು ಮಾಡಿದವರಿಗೆ ಸ್ವಲ್ಪ ದಿನದಲ್ಲೇ ಹಳೆಯ ತಂಡಗಳ ಬಗ್ಗೆ ಕುತೂಹಲ ಹುಟ್ಟುತ್ತದೆ. ಹಾಗೆ ಕೇಳುವವರಿಗೆ ನಾನು ಮೊದಲು ಹೇಳುವುದು ಈ ಒಂದು ಸೀಸನ್ ಬಗ್ಗೆ. ಜನ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಕೆಲವು ಉತ್ತರ ಉದ್ದ, ಕೆಲವು ಚಿಕ್ಕವು.

ಅಷ್ಟೊಂದು ಸೀಸನ್‌ಗಳಿರುವಾಗ 1950ರದ್ದೇ ಯಾಕೆ?

ಆ ವರ್ಷ ಬ್ರೌನ್ಸ್ ಎನ್‌ಎಫ್‌ಎಲ್‌ಗೆ, ಅಂದರೆ ಅಮೆರಿಕದ ಮುಖ್ಯ ವೃತ್ತಿಪರ ಫುಟ್‌ಬಾಲ್ ಲೀಗ್‌ಗೆ, ಹೊಸಬರು. ಅದಕ್ಕೂ ಮುಂಚೆ ನಾಲ್ಕು ವರ್ಷ ಬೇರೊಂದು ಲೀಗ್‌ನಲ್ಲಿ ಆಡಿ ನಾಲ್ಕೂ ಸಲ ಪ್ರಶಸ್ತಿ ಗೆದ್ದಿದ್ದರು. ಎನ್‌ಎಫ್‌ಎಲ್‌ನವರು ಆ ಗೆಲುವುಗಳನ್ನು ಲೆಕ್ಕಕ್ಕೇ ಇಟ್ಟಿರಲಿಲ್ಲ. ಅದು ಸಣ್ಣ ಲೀಗ್, ಇಲ್ಲಿಗೆ ಬಂದರೆ ಇವರ ಬಂಡವಾಳ ಬಯಲಾಗುತ್ತೆ ಅನ್ನುವುದು ಅವರ ಧೋರಣೆ. ಬಂದ ಮೊದಲ ವರ್ಷವೇ ಬ್ರೌನ್ಸ್ ಚಾಂಪಿಯನ್ ಆದರು. 12 ಪಂದ್ಯಗಳಲ್ಲಿ 10 ಗೆಲುವು, 2 ಸೋಲು, ಆಮೇಲೆ ಒಂದು ಪ್ಲೇಆಫ್, ಒಂದು ಫೈನಲ್. ಎರಡನ್ನೂ ಕೊನೆಯ ನಿಮಿಷದಲ್ಲಿ ಗೆದ್ದರು.

ಸಾಮಾನ್ಯವಾಗಿ ಈ ಕತೆ ಹೇಳುವವರು ಮೊದಲ ಪಂದ್ಯ ಮತ್ತು ಫೈನಲ್ ಎರಡನ್ನೇ ಹೇಳಿ ಮುಗಿಸುತ್ತಾರೆ. ನನ್ನ ಪ್ರಕಾರ ಈ ಸೀಸನ್‌ನ ಜೀವ ಇರುವುದು ನಡುವೆ, ನ್ಯೂಯಾರ್ಕ್ ಜೈಂಟ್ಸ್ ಜೊತೆ ಆಡಿದ ಮೂರು ಪಂದ್ಯಗಳಲ್ಲಿ. ಈ ತಂಡ ಎಂಥದ್ದು ಅನ್ನುವುದು ನನಗೆ ಅರ್ಥವಾಗಿದ್ದು ಅದು ಸೋತ ರೀತಿಯಿಂದ. ಅದಕ್ಕೆ ಮುಂದೆ ಬರುತ್ತೇನೆ.

ನನಗೆ ಈ ಆಟವೇ ಸರಿಯಾಗಿ ಗೊತ್ತಿಲ್ಲ. ಎಷ್ಟು ತಿಳಿದಿದ್ದರೆ ಸಾಕು?

ಇಷ್ಟು ಸಾಕು. ಒಂದೊಂದು ಕಡೆ 11 ಜನ. ಚೆಂಡು ಯಾರ ಕೈಲಿದೆಯೋ ಆ ತಂಡಕ್ಕೆ 10 ಗಜ ಮುಂದೆ ಹೋಗಲು ನಾಲ್ಕು ಅವಕಾಶ. ಹೋದರೆ ಮತ್ತೆ ನಾಲ್ಕು ಸಿಗುತ್ತವೆ, ಇಲ್ಲದಿದ್ದರೆ ಚೆಂಡು ಎದುರಾಳಿಗೆ. ಚೆಂಡನ್ನು ಕೈಲಿ ಹಿಡಿದು ಓಡಬಹುದು, ಇಲ್ಲವೇ ಮುಂದಕ್ಕೆ ಎಸೆಯಬಹುದು, ಹಾಗೆ ಎಸೆಯುವುದೇ ಪಾಸ್. ಎಸೆಯುವವರು ಕ್ವಾರ್ಟರ್‌ಬ್ಯಾಕ್. ಗೆರೆ ದಾಟಿಸಿದರೆ ಟಚ್‌ಡೌನ್, 6 ಅಂಕ. ಅದರ ಬೆನ್ನಿಗೆ ಒದ್ದು ಪಡೆಯುವ ಹೆಚ್ಚುವರಿ ಅಂಕ 1. ದೂರದಿಂದ ಕಂಬಗಳ ನಡುವೆ ಒದ್ದರೆ ಫೀಲ್ಡ್ ಗೋಲ್, 3 ಅಂಕ. ಎದುರಾಳಿಯನ್ನು ಅವರದ್ದೇ ಗೆರೆಯ ಹಿಂದೆ ಬೀಳಿಸಿದರೆ ಸೇಫ್ಟಿ, 2 ಅಂಕ.

1950ರಲ್ಲಿ ಕೆಲವು ಸಂಗತಿ ಬೇರೆ ಇದ್ದವು. ಸೀಸನ್‌ಗೆ 12 ಪಂದ್ಯ ಮಾತ್ರ. ಒಂದು ತಂಡದಲ್ಲಿ 32 ಆಟಗಾರರು. ಗೋಲ್ ಕಂಬಗಳು ಈಗಿನ ಹಾಗೆ ಹಿಂದೆ ಇರಲಿಲ್ಲ, ಗೋಲ್ ಗೆರೆಯ ಮೇಲೇ ನಿಂತಿದ್ದವು. ಹೆಲ್ಮೆಟ್ ಹಾಕಿದರೂ ಹೆಚ್ಚಿನವರ ಮುಖದ ಮುಂದೆ ಯಾವ ಜಾಲರಿಯೂ ಇರಲಿಲ್ಲ. ಇದು ಎಷ್ಟು ಅಪಾಯ ಅನ್ನುವುದು ಲೆನ್ ಫೋರ್ಡ್ ವಿಷಯ ಬಂದಾಗ ಗೊತ್ತಾಗುತ್ತದೆ.

ಬ್ರೌನ್ಸ್ ತಂಡ ಹುಟ್ಟಿದ್ದು ಹೇಗೆ?

ಎರಡನೇ ಮಹಾಯುದ್ಧ ಮುಗಿದ ಮೇಲೆ ಎನ್‌ಎಫ್‌ಎಲ್‌ಗೆ ಪೈಪೋಟಿಯಾಗಿ ಆಲ್-ಅಮೆರಿಕ ಫುಟ್‌ಬಾಲ್ ಕಾನ್ಫರೆನ್ಸ್ ಅನ್ನುವ ಹೊಸ ಲೀಗ್ 1946ರಲ್ಲಿ ಆಟ ಶುರು ಮಾಡಿತು. ಒಹಾಯೋ ರಾಜ್ಯದ ಕ್ಲೀವ್‌ಲ್ಯಾಂಡ್ ನಗರಕ್ಕೆ ಅದರಲ್ಲಿ ಒಂದು ತಂಡ. ಯಜಮಾನರು ಮಿಕ್ಕಿ ಮೆಕ್‌ಬ್ರೈಡ್, ನಗರದ ಟ್ಯಾಕ್ಸಿ ಕಂಪನಿಗಳ ಒಡೆಯರು. ಅವರು ಕೋಚ್ ಆಗಿ ಕರೆತಂದದ್ದು ಪಾಲ್ ಬ್ರೌನ್ ಅವರನ್ನು.

ಒಹಾಯೋದಲ್ಲಿ ಆ ಹೊತ್ತಿಗೆ ಬ್ರೌನ್ ಅಂದರೆ ಮನೆಮಾತು. ಮ್ಯಾಸಿಲನ್ ಊರಿನ ಹೈಸ್ಕೂಲ್ ತಂಡವನ್ನು ಕಟ್ಟಿ ಹೆಸರು ಮಾಡಿದ್ದರು. 1942ರಲ್ಲಿ ಒಹಾಯೋ ಸ್ಟೇಟ್ ವಿಶ್ವವಿದ್ಯಾಲಯವನ್ನು ರಾಷ್ಟ್ರೀಯ ಚಾಂಪಿಯನ್ ಮಾಡಿದ್ದರು. ತಂಡಕ್ಕೆ ಅವರ ಹೆಸರನ್ನೇ ಇಟ್ಟರು.

ಅದೇ ಸಮಯದಲ್ಲಿ ಇನ್ನೊಂದು ಸಂಗತಿ ನಡೆಯಿತು. ಕ್ಲೀವ್‌ಲ್ಯಾಂಡ್‌ನಲ್ಲಿ ಆಗಲೇ ಒಂದು ಎನ್‌ಎಫ್‌ಎಲ್ ತಂಡ ಇತ್ತು: ರ್‍ಯಾಮ್ಸ್. ಅವರು 1945ರ ಎನ್‌ಎಫ್‌ಎಲ್ ಪ್ರಶಸ್ತಿ ಗೆದ್ದರು. ಗೆದ್ದ ಒಂದು ತಿಂಗಳೊಳಗೆ, 1946ರ ಜನವರಿಯಲ್ಲಿ, ಯಜಮಾನರು ತಂಡವನ್ನು ಲಾಸ್ ಏಂಜಲೀಸ್‌ಗೆ ಎತ್ತಿಕೊಂಡು ಹೋದರು. ನಷ್ಟ ಆಗುತ್ತಿತ್ತು, ಮೇಲಾಗಿ ಊರಿಗೆ ಹೊಸ ತಂಡ ಬರುತ್ತಿತ್ತು. ಇದು ನೆನಪಿನಲ್ಲಿರಲಿ. ಐದು ವರ್ಷದ ನಂತರ 1950ರ ಫೈನಲ್ ಆಡಲು ಕ್ಲೀವ್‌ಲ್ಯಾಂಡ್‌ಗೆ ಬಂದವರು ಇದೇ ರ್‍ಯಾಮ್ಸ್.

ಹಳೆಯ ಲೀಗ್‌ನಲ್ಲಿ ಅವರ ಲೆಕ್ಕ ಹೇಗಿತ್ತು?

1946ರಿಂದ 1949ರವರೆಗೆ ಲೀಗ್ ಹಂತದಲ್ಲಿ 47 ಗೆಲುವು, 4 ಸೋಲು, 3 ಡ್ರಾ. 1948ರಲ್ಲಿ ಫೈನಲ್ ಸೇರಿ 15ಕ್ಕೆ 15 ಗೆದ್ದರು.

ಇಷ್ಟು ಗೆದ್ದಿದ್ದೇ ಅವರಿಗೆ ಮುಳುವಾಯಿತು. ಯಾವಾಗಲೂ ಇವರೇ ಗೆಲ್ಲುತ್ತಾರೆ ಅಂದಮೇಲೆ ಯಾಕೆ ಹೋಗಬೇಕು ಅಂತ ಜನ ಸ್ಟೇಡಿಯಂ ಕಡೆ ಬರುವುದು ಕಡಿಮೆ ಮಾಡಿದರು. 1949ರ ಫೈನಲ್‌ಗೆ ಬಂದವರು 22,550 ಜನ ಮಾತ್ರ. ಲೀಗ್‌ಗೆ ಹಣ ಸಾಲದೆ ಅದೇ ಡಿಸೆಂಬರ್‌ನಲ್ಲಿ ಬಾಗಿಲು ಹಾಕಿತು. ಬ್ರೌನ್ಸ್, ಸ್ಯಾನ್ ಫ್ರಾನ್ಸಿಸ್ಕೋ 49ಅರ್ಸ್, ಬಾಲ್ಟಿಮೋರ್ ಕೋಲ್ಟ್ಸ್, ಈ ಮೂರು ತಂಡಗಳನ್ನು ಎನ್‌ಎಫ್‌ಎಲ್ ಒಳಗೆ ಸೇರಿಸಿಕೊಂಡಿತು. ಉಳಿದವರ ಆಟಗಾರರನ್ನು ಹಂಚಿಕೊಂಡರು. ಈ ಹಂಚಿಕೆಯೇ ಮುಂದೆ ಬ್ರೌನ್ಸ್‌ಗೆ ದೊಡ್ಡ ತಲೆನೋವಾಯಿತು.

1950ರ ಸೆಪ್ಟೆಂಬರ್ 16ರ ಮೊದಲ ಪಂದ್ಯಕ್ಕೆ ಅಷ್ಟೊಂದು ಮಹತ್ವ ಯಾಕೆ?

ಎನ್‌ಎಫ್‌ಎಲ್ ಕಮಿಷನರ್ ಬರ್ಟ್ ಬೆಲ್ ಬೇಕೆಂದೇ ಹಾಗೆ ವೇಳಾಪಟ್ಟಿ ಹಾಕಿದರು. ಸೀಸನ್‌ನ ಮೊದಲ ರಾತ್ರಿಯೇ ಹಳೆಯ ಲೀಗ್‌ನ ಚಾಂಪಿಯನ್ನರು ಎನ್‌ಎಫ್‌ಎಲ್ ಚಾಂಪಿಯನ್ನರ ಊರಿಗೆ ಹೋಗಿ ಆಡಬೇಕು. ಫಿಲಡೆಲ್ಫಿಯಾ ಈಗಲ್ಸ್ 1948 ಮತ್ತು 1949, ಎರಡೂ ವರ್ಷ ಪ್ರಶಸ್ತಿ ಗೆದ್ದಿದ್ದ ತಂಡ. ಶನಿವಾರ ರಾತ್ರಿ 71,237 ಜನ ಸೇರಿದರು.

ಶುರುವಿನಲ್ಲೇ ಬ್ರೌನ್ಸ್‌ಗೆ ಪೆಟ್ಟು. ಅವರ ಡಾನ್ ಫೆಲ್ಪ್ಸ್ ಚೆಂಡು ಹಿಡಿದು ಮೈದಾನದುದ್ದಕ್ಕೂ ಓಡಿ ಟಚ್‌ಡೌನ್ ಮಾಡಿದರು. ತಂಡದವರೊಬ್ಬರ ತಪ್ಪಿಗೆ ಅದು ರದ್ದಾಯಿತು. ಚೆಂಡು ಒದೆಯುವ ಲೂ ಗ್ರೋಜಾ ಆಗಲೇ ಗಾಯಗೊಂಡು ಹೊರಗೆ ಹೋದರು. ಈಗಲ್ಸ್ 3-0 ಮುಂದೆ.

ಆಮೇಲೆ ನಡೆದದ್ದನ್ನು ಹತ್ತಿರದಿಂದ ನೋಡಬೇಕು. ಬ್ರೌನ್ಸ್‌ನ ಡಬ್ ಜೋನ್ಸ್ ಪದೇ ಪದೇ ಹತ್ತು ಹೆಜ್ಜೆ ಓಡಿ ಬದಿಗೆ ತಿರುಗುತ್ತಿದ್ದರು. ಅವರ ಕಾವಲಿಗಿದ್ದ ಆಟಗಾರ ಒಂದೊಂದು ಸಲಕ್ಕೂ ಸ್ವಲ್ಪ ಸ್ವಲ್ಪ ಮುಂದೆ ಬರತೊಡಗಿದ. ಇದನ್ನು ನೋಡಿಕೊಂಡ ಜೋನ್ಸ್, ಒಂದು ಸಲ ತಿರುಗಿದ ಹಾಗೆ ಮಾಡಿ ನೆಟ್ಟಗೆ ಓಡಿಬಿಟ್ಟರು. ಕ್ವಾರ್ಟರ್‌ಬ್ಯಾಕ್ ಓಟೊ ಗ್ರಹಾಂ ಎಸೆದ ಚೆಂಡು ಸರಿಯಾಗಿ ಕೈಗೆ ಬಂತು. 59 ಗಜದ ಟಚ್‌ಡೌನ್.

ದ್ವಿತೀಯಾರ್ಧದಲ್ಲಿ ಇನ್ನೊಂದು ಉಪಾಯ. ಬ್ರೌನ್ಸ್‌ನ ಮುಂಚೂಣಿಯವರು ಒಬ್ಬರಿಗೊಬ್ಬರು ನಡುವಿನ ಅಂತರವನ್ನು ಸ್ವಲ್ಪ ಸ್ವಲ್ಪವೇ ಜಾಸ್ತಿ ಮಾಡುತ್ತಾ ಹೋದರು. ಎದುರಿಗಿದ್ದ ಈಗಲ್ಸ್‌ನವರೂ ಗೊತ್ತಾಗದೆ ಅವರ ಜೊತೆ ಅಗಲವಾದರು. ನಡುವೆ ದಾರಿ ಬಿಟ್ಟುಕೊಂಡಿತು. ಆ ದಾರಿಯಲ್ಲಿ ಮೇರಿಯನ್ ಮೋಟ್ಲಿ ನುಗ್ಗಿದರು. ಪಂದ್ಯ 35-10ಕ್ಕೆ ಮುಗಿಯಿತು. ಗ್ರಹಾಂ 38ರಲ್ಲಿ 21 ಪಾಸ್ ಮುಟ್ಟಿಸಿ 346 ಗಜ ಗಳಿಸಿದ್ದರು.

ಈಗಲ್ಸ್‌ನ ಮುಖ್ಯ ಓಟಗಾರ ಸ್ಟೀವ್ ವ್ಯಾನ್ ಬ್ಯೂರನ್ ಗಾಯದಿಂದ ಅಂದು ಆಡಲಿಲ್ಲ. ಅದನ್ನು ಹೇಳದೆ ಹೋದರೆ ಅನ್ಯಾಯ. ಆದರೆ ಅವರೊಬ್ಬರು 25 ಅಂಕದ ಅಂತರವನ್ನು ತುಂಬುತ್ತಿದ್ದರು ಅಂತ ನನಗೆ ಅನಿಸುವುದಿಲ್ಲ.

ಬ್ರೌನ್ಸ್ ಒಂದೂ ಪಾಸ್ ಇಲ್ಲದೆ ಒಂದು ಪಂದ್ಯ ಗೆದ್ದರಂತೆ, ನಿಜವೇ?

ನಿಜ. ಅದೂ ಅದೇ ಈಗಲ್ಸ್ ಮೇಲೆ, ಡಿಸೆಂಬರ್ 3ರಂದು, ಕ್ಲೀವ್‌ಲ್ಯಾಂಡ್‌ನಲ್ಲಿ. ಮೊದಲ ಪಂದ್ಯದ ಸೋಲಿನ ನಂತರ ಈಗಲ್ಸ್ ಕೋಚ್ ಗ್ರೀಸಿ ನೀಲ್, ಬರೀ ಚೆಂಡು ಎಸೆಯುವ ತಂಡ ಇದು, ಬ್ರೌನ್ ಬಾಸ್ಕೆಟ್‌ಬಾಲ್ ಕೋಚ್ ಆಗಬೇಕಿತ್ತು ಅನ್ನುವ ಅರ್ಥದಲ್ಲಿ ಮಾತಾಡಿದರು ಎಂದು ಹೇಳುತ್ತಾರೆ. ಎರಡನೇ ಪಂದ್ಯದಲ್ಲಿ ಬ್ರೌನ್ಸ್ ಲೆಕ್ಕಕ್ಕೆ ಬಂದ ಒಂದು ಪಾಸ್ ಕೂಡ ಎಸೆಯಲಿಲ್ಲ. ಎದುರಾಳಿಯ ಪಾಸನ್ನು ವಾರೆನ್ ಲಾರ್ ಕಿತ್ತುಕೊಂಡು ಓಡಿ ಟಚ್‌ಡೌನ್ ಮಾಡಿದರು, ಗ್ರೋಜಾ ಎರಡು ಫೀಲ್ಡ್ ಗೋಲ್ ಒದ್ದರು. 13-7.

ಹಾಗಾದರೆ ಸೋತ ಎರಡು ಪಂದ್ಯ ಯಾವುವು?

ಎರಡೂ ನ್ಯೂಯಾರ್ಕ್ ಜೈಂಟ್ಸ್ ಎದುರು. ಅಕ್ಟೋಬರ್ 1ರಂದು 0-6. ಅಕ್ಟೋಬರ್ 22ರಂದು 13-17.

ಜೈಂಟ್ಸ್ ಕೋಚ್ ಸ್ಟೀವ್ ಓವನ್ ಒಂದು ಹೊಸ ರಕ್ಷಣಾ ವ್ಯೂಹ ಮಾಡಿದ್ದರು. ಅದಕ್ಕೆ ಛತ್ರಿ ಅಂತಲೇ ಹೆಸರು ಬಿತ್ತು. ಮುಂಚೂಣಿಯಲ್ಲಿ ಆರು ಜನ ನಿಲ್ಲುತ್ತಾರೆ. ಅವರಲ್ಲಿ ಎರಡೂ ತುದಿಯವರು ಕೆಲವೊಮ್ಮೆ ಕ್ವಾರ್ಟರ್‌ಬ್ಯಾಕ್ ಮೇಲೆ ಏರಿ ಹೋಗುತ್ತಾರೆ, ಕೆಲವೊಮ್ಮೆ ಹಿಂದೆ ಸರಿದು ಪಾಸ್ ತಡೆಯುತ್ತಾರೆ. ಹಿಂದಿನ ನಾಲ್ಕು ಜನ ಕಮಾನಿನ ಹಾಗೆ ಹರಡಿಕೊಂಡಿರುತ್ತಾರೆ. ಯಾರು ಬರುತ್ತಾರೆ, ಯಾರು ಹಿಂದೆ ಹೋಗುತ್ತಾರೆ ಅಂತ ಗ್ರಹಾಂಗೆ ಚೆಂಡು ಕೈಗೆ ಬರುವವರೆಗೂ ಗೊತ್ತಾಗುತ್ತಿರಲಿಲ್ಲ. ಅಕ್ಟೋಬರ್ 1ರ ಮೊದಲಾರ್ಧದಲ್ಲಿ ಅವರ ಒಂದು ಪಾಸ್ ಕೂಡ ಮುಟ್ಟಲಿಲ್ಲ. ತಂಡ ಹುಟ್ಟಿದ ಮೇಲೆ ಒಂದೂ ಅಂಕ ಇಲ್ಲದೆ ಸೋತದ್ದು ಅದೇ ಮೊದಲು.

ಆ ಹಿಂದಿನ ನಾಲ್ವರು ಯಾರು ಅಂತ ನೋಡಿ. ಎಮ್ಲೆನ್ ಟನೆಲ್, ಟಾಮ್ ಲ್ಯಾಂಡ್ರಿ, ಹಾರ್ಮನ್ ರೋ, ಓಟೊ ಶ್ನೆಲ್‌ಬಾಕರ್. ಟನೆಲ್ ಬಿಟ್ಟು ಉಳಿದ ಮೂವರೂ ಮುಚ್ಚಿಹೋದ ಹಳೆಯ ಲೀಗ್‌ನ ನ್ಯೂಯಾರ್ಕ್ ತಂಡದಿಂದ ಹಂಚಿಕೆಯಲ್ಲಿ ಬಂದವರು. ಬ್ರೌನ್ಸ್ ಜೊತೆ ಮುಂಚೆಯೇ ಆಡಿ ಪಳಗಿದ್ದರು. ಎನ್‌ಎಫ್‌ಎಲ್‌ನ ದೊಡ್ಡ ತಂಡಗಳಿಗೆ ಆಗದ್ದನ್ನು, ಸಣ್ಣದು ಅನ್ನಿಸಿಕೊಂಡ ಲೀಗ್‌ನ ಹುಡುಗರೇ ಮಾಡಿ ತೋರಿಸಿದರು. ಆ ಲೀಗ್‌ನಲ್ಲಿ ಎಂಥ ಆಟ ನಡೆಯುತ್ತಿತ್ತು ಅನ್ನುವುದಕ್ಕೆ ಬ್ರೌನ್ಸ್ ಗೆಲುವುಗಳಿಗಿಂತ ಈ ಎರಡು ಸೋಲು ದೊಡ್ಡ ಸಾಕ್ಷಿ ಅಂತ ನನ್ನ ನಂಬಿಕೆ. ಲ್ಯಾಂಡ್ರಿ ಮುಂದೆ ಡಲ್ಲಾಸ್ ಕೌಬಾಯ್ಸ್ ತಂಡದ ಕೋಚ್ ಆಗಿ ದೊಡ್ಡ ಹೆಸರು ಮಾಡಿದ್ದು ಆಕಸ್ಮಿಕವಲ್ಲ.

ಪಾಲ್ ಬ್ರೌನ್ ಅಂಥದ್ದೇನು ಹೊಸದು ಮಾಡಿದರು?

ಈಗ ಎಲ್ಲ ತಂಡಗಳೂ ಮಾಡುವ ಎಷ್ಟೋ ಕೆಲಸವನ್ನು ಅವರು ಶಿಸ್ತಾಗಿ ರೂಢಿಗೆ ತಂದರು. ಆಟಗಾರರನ್ನು ತರಗತಿಯಲ್ಲಿ ಕೂರಿಸಿ ಪಾಠ ಮಾಡುತ್ತಿದ್ದರು. ಪ್ರತಿಯೊಬ್ಬರೂ ನೋಟ್ಸ್ ಬರೆದುಕೊಳ್ಳಬೇಕು, ಪರೀಕ್ಷೆಯೂ ಇರುತ್ತಿತ್ತು. ಪಂದ್ಯದ ಫಿಲ್ಮ್ ಹಾಕಿ ಒಬ್ಬೊಬ್ಬರ ಒಂದೊಂದು ಹೆಜ್ಜೆಗೂ ಅಂಕ ಕೊಡುತ್ತಿದ್ದರು. ಸಹಾಯಕ ಕೋಚ್‌ಗಳನ್ನು ವರ್ಷಪೂರ್ತಿ ಕೆಲಸಕ್ಕೆ ಇಟ್ಟುಕೊಂಡರು.

ಮೈದಾನದಲ್ಲಿ ಮುಂದಿನ ಆಟ ಯಾವುದು ಅಂತ ಆ ಕಾಲದಲ್ಲಿ ಕ್ವಾರ್ಟರ್‌ಬ್ಯಾಕ್ ಹೇಳುತ್ತಿದ್ದರು. ಬ್ರೌನ್ ಅದನ್ನು ತಾವೇ ಹೇಳತೊಡಗಿದರು. ಇಬ್ಬರು ಆಟಗಾರರು ಸರದಿಯ ಮೇಲೆ ಹೊರಗಿನಿಂದ ಒಳಗೆ ಓಡಿ ಸಂದೇಶ ಮುಟ್ಟಿಸುತ್ತಿದ್ದರು. ಗ್ರಹಾಂಗೆ ಇದು ಅಷ್ಟೇನೂ ಇಷ್ಟವಿರಲಿಲ್ಲ. 1950ರಲ್ಲಿ ಎನ್‌ಎಫ್‌ಎಲ್ ಎಷ್ಟು ಸಲ ಬೇಕಾದರೂ ಆಟಗಾರರನ್ನು ಬದಲಿಸಬಹುದು ಅನ್ನುವ ನಿಯಮ ತಂದಿದ್ದು ಈ ಪದ್ಧತಿಗೆ ಅನುಕೂಲವಾಯಿತು.

ಹೆಚ್ಚುವರಿ ಆಟಗಾರರನ್ನು ಊರಲ್ಲೇ ಇಟ್ಟುಕೊಳ್ಳಲು ಯಜಮಾನ ಮೆಕ್‌ಬ್ರೈಡ್ ಅವರಿಗೆ ತಮ್ಮ ಟ್ಯಾಕ್ಸಿ ಕಂಪನಿಯಲ್ಲಿ ಸಂಬಳ ಕೊಟ್ಟರು. ಇಂದಿಗೂ ಹಾಗೆ ಮೀಸಲಿಟ್ಟ ಆಟಗಾರರನ್ನು ಟ್ಯಾಕ್ಸಿ ಸ್ಕ್ವಾಡ್ ಅನ್ನುವುದು ಇಲ್ಲಿಂದಲೇ ಬಂದದ್ದು.

ಮೇರಿಯನ್ ಮೋಟ್ಲಿ ಮತ್ತು ಬಿಲ್ ವಿಲ್ಲಿಸ್ ಬಗ್ಗೆ ಇಷ್ಟೊಂದು ಮಾತಾಡುವುದು ಯಾಕೆ?

ಈ ಪುಟದಲ್ಲಿ ಒಂದೇ ಉತ್ತರ ಓದುವಷ್ಟು ಸಮಯ ಇದ್ದರೆ ಇದನ್ನು ಓದಿ.

1934ರಿಂದ 1945ರವರೆಗೆ ಎನ್‌ಎಫ್‌ಎಲ್‌ನಲ್ಲಿ ಒಬ್ಬನೇ ಒಬ್ಬ ಕಪ್ಪು ಆಟಗಾರ ಇರಲಿಲ್ಲ. ಬರೆದಿಟ್ಟ ನಿಯಮ ಇಲ್ಲದಿದ್ದರೂ ಯಜಮಾನರು ಯಾರನ್ನೂ ಸೇರಿಸಿಕೊಳ್ಳುತ್ತಿರಲಿಲ್ಲ. 1946ರಲ್ಲಿ ಎರಡೂ ಲೀಗ್ ಸೇರಿ ನಾಲ್ವರು ವೃತ್ತಿಪರ ಫುಟ್‌ಬಾಲ್‌ನ ಬಾಗಿಲು ತೆರೆದರು. ಲಾಸ್ ಏಂಜಲೀಸ್ ರ್‍ಯಾಮ್ಸ್‌ನಲ್ಲಿ ಕೆನ್ನಿ ವಾಷಿಂಗ್ಟನ್ ಮತ್ತು ವುಡಿ ಸ್ಟ್ರೋಡ್, ಬ್ರೌನ್ಸ್‌ನಲ್ಲಿ ವಿಲ್ಲಿಸ್ ಮತ್ತು ಮೋಟ್ಲಿ. ಬೇಸ್‌ಬಾಲ್‌ನಲ್ಲಿ ಜಾಕಿ ರಾಬಿನ್ಸನ್ ಬ್ರೂಕ್ಲಿನ್ ತಂಡಕ್ಕೆ ಆಡಿದ್ದು ಮರುವರ್ಷ.

ಪಾಲ್ ಬ್ರೌನ್‌ಗೆ ಇಬ್ಬರೂ ಮೊದಲಿಂದ ಗೊತ್ತು. ವಿಲ್ಲಿಸ್ ಒಹಾಯೋ ಸ್ಟೇಟ್‌ನಲ್ಲಿ ಅವರ ಕೈಕೆಳಗೇ ಆಡಿದವರು. ಮೋಟ್ಲಿ ಬೆಳೆದದ್ದು ಕ್ಯಾಂಟನ್‌ನಲ್ಲಿ. ಅಲ್ಲಿನ ಹೈಸ್ಕೂಲ್‌ಗೂ ಬ್ರೌನ್ ಕೋಚ್ ಆಗಿದ್ದ ಮ್ಯಾಸಿಲನ್‌ಗೂ ಜಿದ್ದಾಜಿದ್ದಿ.

ಮೈದಾನದಲ್ಲಿ ಅವರಿಗೆ ಆದದ್ದು ಸಣ್ಣ ಕಷ್ಟವಲ್ಲ. ಬಿದ್ದಾಗ ಎದುರಾಳಿಗಳು ಮುಳ್ಳಿನ ಬೂಟಿನಿಂದ ಮೋಟ್ಲಿ ಕೈ ತುಳಿಯುತ್ತಿದ್ದರು. ಬಾಯಿಗೆ ಬಂದ ಹಾಗೆ ಬಯ್ಯುತ್ತಿದ್ದರು. ತಿರುಗಿ ಹೊಡೆಯಬೇಡಿ ಅಂತ ಬ್ರೌನ್ ಮೊದಲೇ ಹೇಳಿದ್ದರು, ಅವರು ಹೊಡೆಯಲಿಲ್ಲ. 1946ರಲ್ಲಿ ಮಯಾಮಿಯಲ್ಲಿ ಪಂದ್ಯ ಇದ್ದಾಗ, ಕಪ್ಪು ಮತ್ತು ಬಿಳಿ ಆಟಗಾರರು ಒಟ್ಟಿಗೆ ಆಡುವುದಕ್ಕೆ ಫ್ಲೋರಿಡಾದಲ್ಲಿ ಅಡ್ಡಿ ಇತ್ತು. ಇಬ್ಬರನ್ನೂ ಮನೆಯಲ್ಲೇ ಬಿಟ್ಟು ತಂಡ ಹೋಯಿತು.

1950ಕ್ಕೆ ಬರೋಣ. ಮೋಟ್ಲಿ ಸುಮಾರು 105 ಕೆಜಿ ತೂಕದ ಆಳು, ಆದರೂ ವೇಗದ ಓಟಗಾರ. ಆ ವರ್ಷ 140 ಓಟಗಳಲ್ಲಿ 810 ಗಜ ಗಳಿಸಿ ಇಡೀ ಎನ್‌ಎಫ್‌ಎಲ್‌ನಲ್ಲಿ ಮೊದಲಿಗರಾದರು. ಅಕ್ಟೋಬರ್ 29ರಂದು ಪಿಟ್ಸ್‌ಬರ್ಗ್ ಸ್ಟೀಲರ್ಸ್ ಮೇಲೆ ಕೇವಲ 11 ಓಟಕ್ಕೆ 188 ಗಜ. ಒಂದು ಓಟಕ್ಕೆ 17 ಗಜಕ್ಕೂ ಜಾಸ್ತಿ! ಆ ಸರಾಸರಿ ದಾಖಲೆ 2002ರವರೆಗೂ ಉಳಿದಿತ್ತು. ಗ್ರಹಾಂ ಪಾಸ್ ಎಸೆಯುವಾಗ ಅವರನ್ನು ಕಾಯುವ ಕೆಲಸವೂ ಮೋಟ್ಲಿಯದ್ದೇ. ಓಡಿದ್ದು ಲೆಕ್ಕದ ಪುಸ್ತಕದಲ್ಲಿದೆ, ಕಾದದ್ದು ಎಲ್ಲೂ ಇಲ್ಲ. ಹಾಗಾಗಿ ಅಂಕಿಅಂಶ ಮಾತ್ರ ನೋಡಿ ಮೋಟ್ಲಿಯನ್ನು ಅಳೆಯಬೇಡಿ.

ವಿಲ್ಲಿಸ್ ರಕ್ಷಣೆಯ ನಡುವೆ ಆಡುತ್ತಿದ್ದರು. ಆ ಜಾಗಕ್ಕೆ ತೂಕದಲ್ಲಿ ಚಿಕ್ಕವರು. ಚೆಂಡು ಕದಲಿದ ತಕ್ಷಣ ಎದುರಾಳಿಯ ಮೈಮೇಲೆ ಇರುತ್ತಿದ್ದರು, ಅಷ್ಟು ಚುರುಕು. ಆ ಚುರುಕಿನಿಂದಲೇ ಈ ಸೀಸನ್ ಉಳಿಯಿತು.

ಲೆನ್ ಫೋರ್ಡ್‌ಗೆ ಏನಾಯಿತು?

ಫೋರ್ಡ್ 1950ರಲ್ಲೇ ಬ್ರೌನ್ಸ್‌ಗೆ ಬಂದವರು, ರಕ್ಷಣೆಯ ತುದಿಯ ಆಟಗಾರ. ಅಕ್ಟೋಬರ್ 15ರಂದು ಶಿಕಾಗೋ ಕಾರ್ಡಿನಲ್ಸ್ ಜೊತೆಗಿನ ಪಂದ್ಯದಲ್ಲಿ ಎದುರಾಳಿಯ ಮೊಣಕೈ ಮುಖಕ್ಕೆ ಬಡಿಯಿತು. ಮೂಗು ಮುರಿಯಿತು, ದವಡೆ ಮುರಿಯಿತು, ಹಲ್ಲು ಹೋದವು. ಶಸ್ತ್ರಚಿಕಿತ್ಸೆ ಆಯಿತು. ಗಟ್ಟಿ ಊಟ ಮಾಡಲಾಗದೆ ತೂಕ ಇಳಿಯಿತು. ಸೀಸನ್ ಮುಗಿದೇ ಹೋಯಿತು ಅಂದುಕೊಂಡಿದ್ದರು. ಫೈನಲ್ ದಿನ, ಡಿಸೆಂಬರ್ 24ರಂದು, ಅವರು ಮೈದಾನಕ್ಕೆ ಇಳಿದು ರ್‍ಯಾಮ್ಸ್ ಆಟಗಾರರನ್ನು ಹಿಂದಕ್ಕೆ ಕೆಡವಿದರು.

ಜೈಂಟ್ಸ್ ಜೊತೆ ಮೂರನೇ ಪಂದ್ಯ ಯಾಕೆ ಬೇಕಾಯಿತು?

ಎರಡೂ ತಂಡ 10-2ರಲ್ಲಿ ಮುಗಿಸಿದ್ದವು. ಫೈನಲ್‌ಗೆ ಯಾರು ಅಂತ ತೀರ್ಮಾನಿಸಲು ಡಿಸೆಂಬರ್ 17ರಂದು ಕ್ಲೀವ್‌ಲ್ಯಾಂಡ್‌ನಲ್ಲಿ ಪ್ಲೇಆಫ್. ನೆಲ ಕಲ್ಲಿನ ಹಾಗೆ ಹೆಪ್ಪುಗಟ್ಟಿತ್ತು. ಮುಳ್ಳಿನ ಬೂಟು ನಾಟದೆ ಆಟಗಾರರು ಟೆನಿಸ್ ಶೂ ಹಾಕಿಕೊಂಡರು.

ಮೊದಲ ಕ್ವಾರ್ಟರ್‌ನಲ್ಲಿ, ಅಂದರೆ ಪಂದ್ಯದ ನಾಲ್ಕು ಭಾಗಗಳಲ್ಲಿ ಮೊದಲನೆಯದರಲ್ಲಿ, ಗ್ರೋಜಾ ಫೀಲ್ಡ್ ಗೋಲ್, 3-0. ಕೊನೆಯ ಕ್ವಾರ್ಟರ್‌ವರೆಗೂ ಅಷ್ಟೇ. ಆಗ ಜೈಂಟ್ಸ್‌ನ ಜೀನ್ ರಾಬರ್ಟ್ಸ್ ಚೆಂಡು ಹಿಡಿದು ಗುಂಪಿನಿಂದ ಹೊರಗೆ ಬಂದರು. ಮುಂದೆ ಯಾರೂ ಇಲ್ಲ, ಬರೀ ಗೋಲ್ ಗೆರೆ. ವಿಲ್ಲಿಸ್ ಹಿಂದಿನಿಂದ ಓಡಿದರು. ಮುಂಚೂಣಿಯಲ್ಲಿ ಎದುರಾಳಿಗಳ ಜೊತೆ ಗುದ್ದಾಡುವ ಆಟಗಾರ ಓಟಗಾರನನ್ನು ಅಟ್ಟಿಸಿಕೊಂಡು ಹೋಗಿ ಹಿಡಿಯುವುದು ನೋಡಲು ಸಿಗುವುದು ಅಪರೂಪ. ಗೆರೆಗೆ 4 ಗಜ ಇರುವಾಗ ಕೆಡವಿದರು. ಅಲ್ಲಿಂದ ಜೈಂಟ್ಸ್‌ಗೆ ಟಚ್‌ಡೌನ್ ಸಿಗಲಿಲ್ಲ, ಫೀಲ್ಡ್ ಗೋಲ್ ಮಾತ್ರ. 3-3.

ಇನ್ನು 58 ಸೆಕೆಂಡು ಇರುವಾಗ ಗ್ರೋಜಾ 28 ಗಜದಿಂದ ಒದ್ದರು, 6-3. ಕೊನೆಗೆ ಜೈಂಟ್ಸ್ ಕ್ವಾರ್ಟರ್‌ಬ್ಯಾಕನ್ನು ಅವರದ್ದೇ ಗೆರೆಯ ಹಿಂದೆ ಬೀಳಿಸಿ ಇನ್ನೆರಡು ಅಂಕ. 8-3.

ಮೂರು ಪಂದ್ಯಗಳಲ್ಲಿ ಬ್ರೌನ್ಸ್ ಆ ಛತ್ರಿಯನ್ನು ಪೂರ್ತಿ ಮುರಿಯಲೇ ಇಲ್ಲ. ಮೂರನೆಯದರಲ್ಲೂ ಒಂದು ಟಚ್‌ಡೌನ್ ಇಲ್ಲ. ಆದರೂ ಗೆದ್ದರು. ದಾರಿ ಮುಚ್ಚಿದಾಗ ಕಾಲು, ರಕ್ಷಣೆ, ತಾಳ್ಮೆ, ಏನಿದೆಯೋ ಅದರಲ್ಲೇ ಗೆಲ್ಲುವ ತಂಡ ಇದು. ಅದಕ್ಕೇ ನನಗೆ ಇದರ ಮೇಲೆ ಇಷ್ಟು ಪ್ರೀತಿ.

ಫೈನಲ್‌ನಲ್ಲಿ ನಿಜವಾಗಿ ಏನಾಯಿತು?

ರ್‍ಯಾಮ್ಸ್ ಆ ವರ್ಷ 12 ಪಂದ್ಯಗಳಲ್ಲಿ 466 ಅಂಕ ಗಳಿಸಿದ್ದರು. ಪಂದ್ಯಕ್ಕೆ ಸುಮಾರು 39! ಬಾಬ್ ವಾಟರ್‌ಫೀಲ್ಡ್, ನಾರ್ಮ್ ವ್ಯಾನ್ ಬ್ರಾಕ್ಲಿನ್ ಎಂಬ ಇಬ್ಬರು ಅದ್ಭುತ ಕ್ವಾರ್ಟರ್‌ಬ್ಯಾಕ್‌ಗಳು, ಚೆಂಡು ಹಿಡಿಯಲು ಟಾಮ್ ಫಿಯರ್ಸ್, ಎಲ್ರಾಯ್ ಹಿರ್ಷ್. ಬ್ರೌನ್ಸ್‌ನ ರಕ್ಷಣೆ ಪಂದ್ಯಕ್ಕೆ 12 ಅಂಕ ಮಾತ್ರ ಬಿಟ್ಟುಕೊಟ್ಟಿತ್ತು.

ಮೊದಲ ಆಟದಲ್ಲೇ ವಾಟರ್‌ಫೀಲ್ಡ್ ಎಸೆದ ಚೆಂಡನ್ನು ಗ್ಲೆನ್ ಡೇವಿಸ್ ಹಿಡಿದು ಓಡಿಬಿಟ್ಟರು. 82 ಗಜದ ಟಚ್‌ಡೌನ್, ಪಂದ್ಯಕ್ಕೆ ಅರ್ಧ ನಿಮಿಷವೂ ಆಗಿರಲಿಲ್ಲ. ಬ್ರೌನ್ಸ್ ಸಮ ಮಾಡಿದರು, ರ್‍ಯಾಮ್ಸ್ ಮತ್ತೆ ಮುಂದೆ ಹೋದರು. ಬ್ರೌನ್ಸ್‌ನ ಎರಡನೇ ಟಚ್‌ಡೌನ್ ನಂತರ ಹೆಚ್ಚುವರಿ ಅಂಕಕ್ಕೆ ಚೆಂಡು ಸರಿಯಾಗಿ ಬರದೆ ಒದೆಯಲೇ ಆಗಲಿಲ್ಲ. ಆ ಒಂದು ಅಂಕ ಕೊನೆಯವರೆಗೂ ಕಾಡಿತು. ಮೊದಲಾರ್ಧ 13-14.

ಮೂರನೇ ಕ್ವಾರ್ಟರ್‌ನಲ್ಲಿ ಡಾಂಟೆ ಲವೆಲ್ಲಿ 39 ಗಜದ ಟಚ್‌ಡೌನ್ ಮಾಡಿ 20-14. ಆಮೇಲೆ ರ್‍ಯಾಮ್ಸ್ ಒಂದು ಟಚ್‌ಡೌನ್. ಅದರ ಬೆನ್ನಲ್ಲೇ ಮೋಟ್ಲಿ ಕೈಯಿಂದ ಚೆಂಡು ಜಾರಿ ಬಿತ್ತು, ಲ್ಯಾರಿ ಬ್ರಿಂಕ್ ಎತ್ತಿಕೊಂಡು ಓಡಿದರು. 20-28. ಎಂಟು ಅಂಕದ ಅಂತರ. ಆ ಕಾಲದಲ್ಲಿ ಟಚ್‌ಡೌನ್ ನಂತರ ಎರಡು ಅಂಕದ ಅವಕಾಶ ಇರಲಿಲ್ಲ. ಅಂದರೆ ಎರಡು ಸಲ ಅಂಕ ಗಳಿಸಲೇಬೇಕು.

ಕೊನೆಯ ಕ್ವಾರ್ಟರ್‌ನಲ್ಲಿ ರೆಕ್ಸ್ ಬಮ್‌ಗಾರ್ಡ್‌ನರ್ ಮೂಲೆಯಲ್ಲಿ ಬೀಳುತ್ತಾ ಚೆಂಡು ಹಿಡಿದರು. 27-28. ಮತ್ತೆ ಚೆಂಡು ಸಿಕ್ಕಿತು, ಗ್ರಹಾಂ ಮುಂದೆ ಒಯ್ಯುತ್ತಿದ್ದರು. ಸುಮಾರು ಮೂರು ನಿಮಿಷ ಇರುವಾಗ ಅವರ ಕೈಯಿಂದಲೇ ಚೆಂಡು ಹಾರಿತು. ರ್‍ಯಾಮ್ಸ್ ಪಾಲಾಯಿತು. ತಲೆ ತಗ್ಗಿಸಿ ಹೊರಗೆ ಬಂದ ಗ್ರಹಾಂಗೆ ಬ್ರೌನ್ ಬಯ್ಯಲಿಲ್ಲ. ಚಿಂತೆ ಮಾಡಬೇಡ, ಇನ್ನೂ ಗೆಲ್ಲುತ್ತೇವೆ ಅಂತ ಸಮಾಧಾನ ಹೇಳಿದರು. ಆ ಮಾತು ತನಗೆ ಎಷ್ಟು ಧೈರ್ಯ ಕೊಟ್ಟಿತು ಅಂತ ಗ್ರಹಾಂ ಆಮೇಲೆ ನೆನೆಸಿಕೊಳ್ಳುತ್ತಿದ್ದರು.

ರಕ್ಷಣೆಯವರು ರ್‍ಯಾಮ್ಸ್‌ನ ತಡೆದರು. ಎರಡು ನಿಮಿಷಕ್ಕೂ ಕಡಿಮೆ ಸಮಯ ಇರುವಾಗ ಚೆಂಡು ಮತ್ತೆ ಬ್ರೌನ್ಸ್ ಕೈಗೆ, ತಮ್ಮದೇ 32 ಗಜದ ಗೆರೆಯಲ್ಲಿ. ಗ್ರಹಾಂ ಮೊದಲು ತಾವೇ ಓಡಿದರು. ಆಮೇಲೆ ಬಮ್‌ಗಾರ್ಡ್‌ನರ್‌ಗೆ, ಜೋನ್ಸ್‌ಗೆ, ಮತ್ತೆ ಬಮ್‌ಗಾರ್ಡ್‌ನರ್‌ಗೆ ಚಿಕ್ಕ ಚಿಕ್ಕ ಪಾಸ್. ಬದಿಯ ಗೆರೆಯ ಹತ್ತಿರ ಎಸೆದಿದ್ದು ಗಡಿಯಾರ ನಿಲ್ಲಲಿ ಅಂತ. ಗೋಲ್ ಹತ್ತಿರ ಬಂದಮೇಲೆ ಗ್ರಹಾಂ ಚೆಂಡನ್ನು ತಬ್ಬಿಕೊಂಡು ಮೈದಾನದ ನಡುವಿಗೆ ನುಗ್ಗಿದರು. ಗ್ರೋಜಾಗೆ ನೇರವಾಗಿ ಒದೆಯಲು ಸಿಗಲಿ ಅಂತ ಅಷ್ಟೇ.

28 ಸೆಕೆಂಡು ಬಾಕಿ. 16 ಗಜ. ಹತ್ತಿರ ಅನ್ನಿಸಬಹುದು. ಆದರೆ ಈರಿ ಸರೋವರದ ಕಡೆಯಿಂದ ಗಾಳಿ, ಕೆಳಗೆ ಗಟ್ಟಿ ನೆಲ. ಮೊದಲೇ ಒಂದು ಸಲ ಚೆಂಡು ಸರಿಯಾಗಿ ಬಂದಿರಲಿಲ್ಲ. ವಾಟರ್‌ಫೀಲ್ಡ್ ಕೂಡ ಹತ್ತಿರದಿಂದಲೇ ಒಂದು ಫೀಲ್ಡ್ ಗೋಲ್ ತಪ್ಪಿಸಿಕೊಂಡಿದ್ದರು. ಗ್ರೋಜಾ ಒದ್ದರು. ಚೆಂಡು ಕಂಬಗಳ ನಡುವೆ ಹೋಯಿತು. 30-28.

ರ್‍ಯಾಮ್ಸ್‌ನ ಕೊನೆಯ ಪಾಸನ್ನು ವಾರೆನ್ ಲಾರ್ ಕಿತ್ತುಕೊಂಡರು.

ಆ ದಿನ ಹೆಚ್ಚು ಹೊಗಳಬೇಕಾದ್ದು ಯಾರನ್ನು? ಗ್ರೋಜಾ ಅಲ್ವಾ?

ಒದ್ದವರು ಗ್ರೋಜಾ, ನಿಜ. ಆದರೆ ನನ್ನ ಮತ ಗ್ರಹಾಂಗೆ. ಆ ಸೀಸನ್‌ನಲ್ಲಿ ಅವರದ್ದು ಸುಲಭದ ಹಾದಿ ಆಗಿರಲಿಲ್ಲ. 14 ಟಚ್‌ಡೌನ್ ಪಾಸ್‌ಗೆ 20 ಪಾಸ್ ಎದುರಾಳಿಗಳ ಕೈ ಸೇರಿದ್ದವು. ಫೈನಲ್‌ನಲ್ಲಿ ನಾಲ್ಕು ಟಚ್‌ಡೌನ್ ಪಾಸ್, 298 ಗಜ, ಜೊತೆಗೆ ತಾವೇ ಓಡಿ 99 ಗಜ. ಲವೆಲ್ಲಿ ಒಬ್ಬರೇ 11 ಪಾಸ್ ಹಿಡಿದರು. ಗ್ರಹಾಂ ಹತ್ತು ವರ್ಷ ವೃತ್ತಿಪರ ಫುಟ್‌ಬಾಲ್ ಆಡಿದರು, ಹತ್ತೂ ವರ್ಷ ತಂಡ ಫೈನಲ್ ಮುಟ್ಟಿತು, ಏಳು ಸಲ ಗೆದ್ದಿತು.

ಫೈನಲ್‌ಗೆ ಜನ ಕಡಿಮೆ ಬಂದದ್ದು ಯಾಕೆ?

29,751 ಜನ. ಕ್ರಿಸ್‌ಮಸ್ ಹಿಂದಿನ ದಿನ, ಕೊರೆಯುವ ಚಳಿ. ಸ್ಟೇಡಿಯಂನಲ್ಲಿ ಅದರ ಎರಡು ಪಟ್ಟಿಗಿಂತ ಜಾಸ್ತಿ ಜಾಗ ಇತ್ತು.

ಆಗ ಟಿವಿಯಲ್ಲಿ ಬರುತ್ತಿತ್ತಾ?

ಅದೇ ವರ್ಷ ರ್‍ಯಾಮ್ಸ್ ತಮ್ಮ ತವರಿನ ಪಂದ್ಯಗಳನ್ನು ಟಿವಿಯಲ್ಲಿ ತೋರಿಸಿ ನೋಡಿದರು. ಸ್ಟೇಡಿಯಂಗೆ ಬರುವವರು ಹಿಂದಿನ ವರ್ಷದ 205,109ರಿಂದ 110,162ಕ್ಕೆ ಇಳಿದರು. ಆದ ನಷ್ಟವನ್ನು ಪ್ರಾಯೋಜಕರು ತುಂಬಿಕೊಟ್ಟರು. ಮುಂದಿನ ವರ್ಷ ತವರಿನ ಪ್ರಸಾರ ನಿಲ್ಲಿಸಿದರು. ತವರಿನ ಪಂದ್ಯ ಆ ಊರಲ್ಲೇ ತೋರಿಸಬಾರದು ಅನ್ನುವ ಎನ್‌ಎಫ್‌ಎಲ್ ಧೋರಣೆ ಗಟ್ಟಿಯಾದದ್ದಕ್ಕೆ ಈ ಅನುಭವವೂ ಕಾರಣ.

ಗೆದ್ದವರಿಗೆ ಎಷ್ಟು ಹಣ ಸಿಕ್ಕಿತು?

ಒಬ್ಬೊಬ್ಬರಿಗೆ ಸುಮಾರು 1,100 ಡಾಲರ್. ಸೋತವರಿಗೆ 700ಕ್ಕಿಂತ ಸ್ವಲ್ಪ ಕಡಿಮೆ.

ಮುಂದೆ ಏನಾಯಿತು?

1951ರ ಫೈನಲ್‌ನಲ್ಲಿ ಮತ್ತೆ ಇದೇ ಎರಡು ತಂಡ, ಈ ಸಲ ಲಾಸ್ ಏಂಜಲೀಸ್‌ನಲ್ಲಿ. ರ್‍ಯಾಮ್ಸ್ 24-17ಕ್ಕೆ ಗೆದ್ದರು. 1952 ಮತ್ತು 1953ರ ಫೈನಲ್‌ಗಳಲ್ಲಿ ಬ್ರೌನ್ಸ್ ಡೆಟ್ರಾಯಿಟ್ ಲಯನ್ಸ್‌ಗೆ ಸೋತರು. 1954, 1955ರಲ್ಲಿ ಮತ್ತೆ ಗೆದ್ದರು. ಅಲ್ಲಿಗೆ ಗ್ರಹಾಂ ನಿವೃತ್ತಿ.

1950ರ ಆ ಒಂದು ತಂಡದಿಂದ ಗ್ರಹಾಂ, ಮೋಟ್ಲಿ, ವಿಲ್ಲಿಸ್, ಗ್ರೋಜಾ, ಲವೆಲ್ಲಿ, ಫೋರ್ಡ್, ಫ್ರಾಂಕ್ ಗಾಟ್ಸ್‌ಕಿ, ಮ್ಯಾಕ್ ಸ್ಪೀಡಿ, ಜೊತೆಗೆ ಪಾಲ್ ಬ್ರೌನ್, ಇವರೆಲ್ಲ ಈ ಆಟದ ಶ್ರೇಷ್ಠರನ್ನು ಗೌರವಿಸುವ ಪ್ರೊ ಫುಟ್‌ಬಾಲ್ ಹಾಲ್ ಆಫ್ ಫೇಮ್ ಸೇರಿದ್ದಾರೆ. ಸ್ಪೀಡಿಯನ್ನು ಸೇರಿಸಿದ್ದು 2020ರ ಪಟ್ಟಿಯಲ್ಲಿ. ಅಷ್ಟು ತಡ ಮಾಡಿದ್ದು ಸರಿಯಲ್ಲ, ಬದುಕಿರುವಾಗಲೇ ಸಿಗಬೇಕಿತ್ತು.

ಒಹಾಯೋಗೆ ಹೋದರೆ ಇದರ ಗುರುತು ಏನಾದರೂ ನೋಡಲು ಸಿಗುತ್ತಾ?

ಫೈನಲ್ ನಡೆದ ಮುನಿಸಿಪಲ್ ಸ್ಟೇಡಿಯಂ ಈಗಿಲ್ಲ, 1990ರ ದಶಕದಲ್ಲಿ ಕೆಡವಿದರು. ಅದೇ ಜಾಗದಲ್ಲಿ, ಸರೋವರದ ದಡದಲ್ಲೇ, 1999ರಲ್ಲಿ ಹೊಸ ಸ್ಟೇಡಿಯಂ ತೆರೆಯಿತು. ಹಾಲ್ ಆಫ್ ಫೇಮ್ ಇರುವುದು ಕ್ಯಾಂಟನ್‌ನಲ್ಲಿ, ಕ್ಲೀವ್‌ಲ್ಯಾಂಡ್‌ನಿಂದ ದಕ್ಷಿಣಕ್ಕೆ ಕಾರಿನಲ್ಲಿ ಸುಮಾರು ಒಂದು ತಾಸು. ಮೋಟ್ಲಿ ಬೆಳೆದ ಊರು ಅದೇ. ಪಕ್ಕದಲ್ಲೇ ಮ್ಯಾಸಿಲನ್, ಅಲ್ಲಿನ ಹೈಸ್ಕೂಲ್ ಸ್ಟೇಡಿಯಂಗೆ ಪಾಲ್ ಬ್ರೌನ್ ಹೆಸರಿಟ್ಟಿದ್ದಾರೆ. ಒಂದೇ ದಿನದಲ್ಲಿ ಎರಡೂ ಊರು ನೋಡಿ ಬರಬಹುದು.